ಹಳೆಯ ಆಂಪ್ ಮೇಲೋ, ಹೊಸದು ಮೇಲೋ? ಪಕ್ಕಪಕ್ಕ ಇಟ್ಟು ಪರೀಕ್ಷಿಸುವ ಕ್ರಮ

"ಎಪ್ಪತ್ತರ ದಶಕದ ಆಂಪ್ಲಿಫೈಯರ್‌ನ ದನಿಯೇ ಬೇರೆ, ಈಗಿನವು ಬರೀ ಡಬ್ಬ" ಎನ್ನುವವರು ಒಂದು ಕಡೆ. "ಆ ಹಳೇ ಕಬ್ಬಿಣಕ್ಕೆ ಯಾಕೆ ದುಡ್ಡು ಸುರಿಯುತ್ತೀರಿ, ಅಂಗೈಯಗಲದ ಹೊಸ ಆಂಪ್ ಅದರಪ್ಪನಂತೆ ಹಾಡುತ್ತದೆ" ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಕಿವಿಯಾರೆ ಕೇಳಿಯೇ ಹೇಳುತ್ತಿರುತ್ತಾರೆ, ಅದರಲ್ಲಿ ಸುಳ್ಳೇನಿಲ್ಲ. ಆದರೆ ಕೇಳಿದ್ದು ಹೇಗೆ ಎಂದು ಸ್ವಲ್ಪ ಕೆದಕಿದರೆ ಸಂಗತಿ ಬಯಲಾಗುತ್ತದೆ: ಒಂದರ ವಾಲ್ಯೂಮ್ ತುಸು ಜಾಸ್ತಿ ಇತ್ತು, ಒಂದರ ಲೌಡ್‌ನೆಸ್ ಬಟನ್ ಒತ್ತಿದ್ದು ಹಾಗೇ ಇತ್ತು, ಒಂದರ ಕೆಪಾಸಿಟರ್‌ಗಳು ಒಣಗಿಹೋಗಿದ್ದವು, ಇಲ್ಲವೇ ಸ್ಪೀಕರುಗಳೇ ಬೇರೆಬೇರೆ. ಹೀಗೆ ಕೇಳಿದ ಮೇಲೆ ಎರಡು ಕಾಲಮಾನಗಳ ಬಗ್ಗೆ ತೀರ್ಪು ಕೊಡುವುದರಲ್ಲಿ ಅರ್ಥವಿಲ್ಲ. ನನ್ನ ಅನುಭವದಲ್ಲಿ, ಕಿವಿಗೆ ಬೀಳುವ ವ್ಯತ್ಯಾಸದಲ್ಲಿ ಬಹುಪಾಲು ಆಂಪ್‌ನ ವಯಸ್ಸಿನದಲ್ಲ. ಅದರ ಸದ್ಯದ ಸ್ಥಿತಿಯದು, ಜೋಡಿಸಿದ ರೀತಿಯದು. ಅವೆರಡನ್ನೂ ಸರಿಪಡಿಸಿದ ಮೇಲೆ ಉಳಿಯುವುದೇ ನಿಜವಾದ ವ್ಯತ್ಯಾಸ. ಅದನ್ನು ಮನೆಯಲ್ಲೇ ಹಿಡಿಯುವುದು ಹೇಗೆಂದು ಇಲ್ಲಿ ಹೇಳುತ್ತೇನೆ.

ಬೇಕಾಗುವುದು ಇಷ್ಟೇ: ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಒಂದೇ ಜೊತೆ ಸ್ಪೀಕರ್, ಒಂದೇ ಪ್ಲೇಯರ್ ಅಥವಾ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಆಗಿಸುವ ಪೆಟ್ಟಿಗೆ), ಜೊತೆಗೆ ತಾಳ್ಮೆ ಇರುವ ಒಬ್ಬ ಗೆಳೆಯ.

1. ನಿಮ್ಮ ಕೈಯಲ್ಲಿರುವುದು ಯಾವ "ಹಳೆಯದು"?

ಹಳೆಯದು ಎಂದರೆ ಒಂದೇ ಜಾತಿಯಲ್ಲ. 1959ರ ಡೈನಾಕೊ ಎಸ್‌ಟಿ-70ಯಂಥ ವಾಲ್ವ್ ಆಂಪ್‌ಗೆ (ಟ್ರಾನ್ಸಿಸ್ಟರ್ ಬದಲು ಗಾಜಿನ ನಳಿಕೆಗಳಿಂದ ನಡೆಯುವಂಥದ್ದು) ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಒಳಗೆ ನಾನೂರು ವೋಲ್ಟಿನ ಆಸುಪಾಸಿನ ಡಿಸಿ ಓಡುತ್ತಿರುತ್ತದೆ. 1967ರ ಕ್ವಾಡ್ 303ಯಂಥ ಮೊದಮೊದಲ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಸ್ಪೀಕರಿಗೆ ಹೋಗುವ ದಾರಿಯಲ್ಲೇ ಒಂದು ದೊಡ್ಡ ಕೆಪಾಸಿಟರ್ ಕೂತಿರುತ್ತದೆ. ಎಪ್ಪತ್ತರ ದಶಕದ ಜಪಾನಿ ರಿಸೀವರುಗಳದು (ಒಳಗೇ ರೇಡಿಯೋ ಇರುವ ಆಂಪ್‌ಗಳದು) ಮತ್ತೊಂದು ಲೋಕ. ಅವು ವ್ಯಾಟ್ ಪೈಪೋಟಿಯ ಕೂಸುಗಳು. 1978ರ ಪಯೊನೀರ್ ಎಸ್‌ಎಕ್ಸ್-1980 ಚಾನೆಲ್ಲಿಗೆ 270 ವ್ಯಾಟ್ ಕೊಡುತ್ತಿತ್ತು, ಎತ್ತಲು ಇಬ್ಬರು ಬೇಕು. ಅದೇ ವರ್ಷ ಬಂದ ಎನ್‌ಎಡಿ 3020 ಬರೀ 20 ವ್ಯಾಟ್‌ನ ಸಾದಾ ಪೆಟ್ಟಿಗೆ, ಅದೂ ಅಷ್ಟೇ ಹೆಸರು ಮಾಡಿತು.

ಹೊಸದರಲ್ಲೂ ಹಾಗೆಯೇ. ಈಗಲೂ ದೊಡ್ಡ ಟ್ರಾನ್ಸ್‌ಫಾರ್ಮರ್ ಹೊತ್ತ, ಹಳೆಯ ಪದ್ಧತಿಯ ಎಬಿ ವರ್ಗದ ಆಂಪ್‌ಗಳು ತಯಾರಾಗುತ್ತವೆ. ಅವುಗಳ ಮಂಡಲ (ಸರ್ಕ್ಯೂಟ್) ಎಪ್ಪತ್ತರ ದಶಕದ್ದಕ್ಕಿಂತ ತೀರಾ ಬೇರೆಯೇನಲ್ಲ. ಡಿ ವರ್ಗದ್ದು ಮಾತ್ರ ಬೇರೆ ದಾರಿ. ಅದು ಸಿಗ್ನಲ್ಲನ್ನು ಸೆಕೆಂಡಿಗೆ ಲಕ್ಷಾಂತರ ಬಾರಿ ಆನ್-ಆಫ್ ಆಗುವ ಸ್ಪಂದನಗಳಾಗಿ ಬದಲಿಸಿ, ಕೊನೆಯಲ್ಲಿ ಕಾಯಿಲ್ ಮತ್ತು ಕೆಪಾಸಿಟರ್‌ನಿಂದ ಸೋಸುತ್ತದೆ. ಇದರಲ್ಲೂ ಅಗ್ಗದ ಬೋರ್ಡಿಗೂ ಹೈಪೆಕ್ಸ್, ಪ್ಯೂರಿಫೈ ಕಂಪನಿಗಳ ಮಾಡ್ಯೂಲ್‌ಗಳಿಗೂ ಅಜಗಜಾಂತರ. ಹಾಗಾಗಿ ಮೊದಲ ಕೆಲಸ: ಮಾಡೆಲ್ ನಂಬರ್ ಹುಡುಕಿ ಸರ್ವಿಸ್ ಮ್ಯಾನುವಲ್ ಅಥವಾ ಡೇಟಾಶೀಟ್ ತೆಗೆದಿಟ್ಟುಕೊಳ್ಳಿ. ಮುಂದೆ ಪದೇ ಪದೇ ಬೇಕಾಗುತ್ತದೆ.

2. ಹಳೆಯದನ್ನು ಪ್ಲಗ್‌ಗೆ ಹಾಕುವ ಮುಂಚೆ

ಅಟ್ಟದಿಂದ ಇಳಿಸಿದ, ಯಾರೋ ಕೊಟ್ಟ, ವರ್ಷಗಟ್ಟಲೆ ಸುಮ್ಮನೆ ಕೂತಿದ್ದ ಆಂಪನ್ನು ಕೂಡಲೇ ಆನ್ ಮಾಡುವ ಆಸೆ ಬಿಡಿ. ಮೊದಲು ಹಿಂಬದಿಯ ವೋಲ್ಟೇಜ್ ಗುರುತು ನೋಡಿ. ಜಪಾನಿನ ಒಳಮಾರುಕಟ್ಟೆಗೆ ಮಾಡಿದ್ದು 100 ವೋಲ್ಟಿನದು, ಅಮೆರಿಕದ್ದು 120. ಇದನ್ನು 230 ವೋಲ್ಟಿಗೆ ಸಿಕ್ಕಿಸಿದರೆ ಹೋಲಿಕೆಯ ಮಾತು ಅಲ್ಲಿಗೇ ಮುಗಿಯಿತು. ಕೆಲವದರಲ್ಲಿ ಸೆಲೆಕ್ಟರ್ ಇರುತ್ತದೆ, ಅದು ಎಲ್ಲಿ ನಿಂತಿದೆ ಎಂದು ಕಣ್ಣಾರೆ ನೋಡಿ. ಫ್ಯೂಸ್ ತೆಗೆದು ಅದರ ಮೇಲಿನ ಆಂಪಿಯರ್ ಸಂಖ್ಯೆ ಹಿಂಬದಿಯಲ್ಲಿ ಬರೆದದ್ದಕ್ಕೆ ತಾಳೆಯಾಗುತ್ತದೆಯೇ ನೋಡಿ. ಹಿಂದಿನ ಯಜಮಾನ ಫ್ಯೂಸ್ ಬದಲು ತಂತಿ ಸುತ್ತಿರುವುದೂ ಉಂಟು.

ಪ್ಲಗ್ ತೆಗೆದು ಕೆಲ ಹೊತ್ತು ಕಾದ ಮೇಲೆ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದು ನೋಡಿ. ದೊಡ್ಡ ಕೆಪಾಸಿಟರ್‌ಗಳು ಪ್ಲಗ್ ತೆಗೆದ ಮೇಲೂ ಚಾರ್ಜ್ ಹಿಡಿದುಕೊಂಡಿರುತ್ತವೆ, ಆದ್ದರಿಂದ ಕೈ ಹಾಕಬೇಡಿ. ಅವುಗಳ ಬುಡದಲ್ಲಿ ಕಂದು ಬಣ್ಣದ, ಗಟ್ಟಿಯಾಗಿ ಬಿರುಕು ಬಿಟ್ಟ ಅಂಟು ಕಂಡರೆ ಅದು ಕೆಪಾಸಿಟರ್ ಸೋರಿದ್ದೇ ಆಗಿರಬೇಕೆಂದಿಲ್ಲ. ಕಾರ್ಖಾನೆಯಲ್ಲಿ ಬಿಡಿಭಾಗಗಳು ಅಲುಗದಿರಲೆಂದು ಹಚ್ಚಿದ ಗೋಂದು ಅದು. ಆಗ ತಿಳಿಹಳದಿ ಇದ್ದದ್ದು ಬಿಸಿಗೆ ಕಂದಾಗಿ, ಪಕ್ಕದ ರೆಸಿಸ್ಟರ್, ಡಯೋಡ್‌ಗಳ ಕಾಲುಗಳನ್ನು ಸದ್ದಿಲ್ಲದೆ ತಿನ್ನುತ್ತಾ ಬರುತ್ತದೆ. ಕೆಲವೊಮ್ಮೆ ವಿದ್ಯುತ್ತನ್ನೂ ಹಾಯಿಸತೊಡಗುತ್ತದೆ. ಹಳೇ ಜಪಾನಿ ಆಂಪ್‌ಗಳಲ್ಲಿ ಆಗಾಗ ಕೇಳಿಸುವ ಚಟಪಟ ಸದ್ದಿಗೆ ಇದೂ ಒಂದು ಕಾರಣ. ಕೆರೆದು ತೆಗೆಯಬೇಕು.

ಮೊದಲ ಸಲ ಕರೆಂಟ್ ಕೊಡುವಾಗ ರಿಪೇರಿಯವರು ಆಂಪ್‌ನ ಸಾಲಿನಲ್ಲಿ ಹಳೆಯ ಕಾಲದ ತಂತಿ ಬಲ್ಬ್ ಒಂದನ್ನು ಸರಣಿಯಾಗಿ ಜೋಡಿಸುತ್ತಾರೆ. 60ರಿಂದ 100 ವ್ಯಾಟ್ ಸಾಕು, ಎಲ್‌ಇಡಿ ನಡೆಯುವುದಿಲ್ಲ. ಬಲ್ಬ್ ಒಮ್ಮೆ ಝಗ್ಗೆಂದು ಹತ್ತಿ ಮಂಕಾದರೆ ಕೆಪಾಸಿಟರ್‌ಗಳು ತುಂಬಿಕೊಂಡವು, ಸದ್ಯಕ್ಕೆ ಭಯವಿಲ್ಲ. ಝಗಝಗಿಸುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ, ಆಫ್ ಮಾಡಿ. ಮೇನ್ಸ್ ಕೆಲಸದ ಅಭ್ಯಾಸ ಇಲ್ಲದವರು ಇದನ್ನು ತಿಳಿದವರಿಂದಲೇ ಮಾಡಿಸಬೇಕು. ವಾಲ್ವ್ ಆಂಪ್ ಆದರಂತೂ ಎರಡನೆಯ ಮಾತಿಲ್ಲ.

ಆಮೇಲೆ ಸ್ಪೀಕರ್ ಹಾಕದೆ ಡಿಸಿ ಆಫ್‌ಸೆಟ್, ಅಂದರೆ ಹಾಡಿಲ್ಲದಾಗಲೂ ಸ್ಪೀಕರ್ ಟರ್ಮಿನಲ್‌ನಲ್ಲಿ ಉಳಿಯುವ ಡಿಸಿ ವೋಲ್ಟೇಜ್, ಅಳೆಯಿರಿ. ಇದು ಟ್ರಾನ್ಸಿಸ್ಟರ್ ಆಂಪ್‌ಗೆ ಮಾತ್ರ. ವಾಲ್ವ್ ಆಂಪನ್ನು ಸ್ಪೀಕರ್ ಇಲ್ಲದೆ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೈಕೊಟ್ಟೀತು. ಮೀಟರನ್ನು ಡಿಸಿ ಮಿಲಿವೋಲ್ಟಿಗಿಟ್ಟು ಸ್ಪೀಕರ್ ಟರ್ಮಿನಲ್‌ಗಳಿಗೆ ಹಿಡಿಯಿರಿ, ವಾಲ್ಯೂಮ್ ಸೊನ್ನೆ. ಆನ್ ಮಾಡಿದ ಕೆಲವು ಕ್ಷಣಕ್ಕೆ ರಿಲೇ ಟಿಕ್ ಎನ್ನುತ್ತದೆ, ಮೀಟರ್ ಮೇಲೆ ಎಪ್ಪತ್ತೋ ಎಂಬತ್ತೋ ಕಾಣಿಸಿ, ಬಿಸಿಯೇರುತ್ತಾ ಹೋದಂತೆ ಅಂಕಿ ಇಳಿಯುತ್ತದೆ. ಹತ್ತಿಪ್ಪತ್ತು ಮಿಲಿವೋಲ್ಟಿಗೆ ಬಂದು ನಿಂತರೆ ಚೆನ್ನ. 50ರೊಳಗಿದ್ದರೆ ಚಿಂತೆಯಿಲ್ಲ. ನೂರು ದಾಟಿದರೆ ಸರಿಪಡಿಸದೆ ಮುಂದುವರಿಯಬೇಡಿ. ವೋಲ್ಟುಗಟ್ಟಲೆ ಬಂದರೆ ಸ್ಪೀಕರಿನ ಕಾಯಿಲ್ ಸುಟ್ಟುಹೋಗುವುದೇ. ರಿಲೇ ಟಿಕ್ ಎನ್ನದೇ ಹೋದರೆ ಅದು ರಿಲೇಯ ದೋಷವೇ ಆಗಿರಬೇಕೆಂದಿಲ್ಲ, ಇದೇ ಕಾರಣಕ್ಕೆ ರಕ್ಷಣಾ ಮಂಡಲ ಸ್ಪೀಕರನ್ನು ತಡೆಹಿಡಿದಿರಬಹುದು.

ಬಯಸ್ ಕರೆಂಟ್, ಅಂದರೆ ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರುಗಳಲ್ಲಿ ಹರಿಯುವ ಕರೆಂಟ್, ನೋಡಲು ಮ್ಯಾನುವಲ್ ಬೇಕು. ಔಟ್‌ಪುಟ್ ಟ್ರಾನ್ಸಿಸ್ಟರುಗಳ ಎಮಿಟರ್ ರೆಸಿಸ್ಟರ್ ಮೇಲಿನ ವೋಲ್ಟೇಜ್ ಅಳೆದು ಲೆಕ್ಕ ಹಾಕುವುದು ರೂಢಿ. 0.47 ಓಮ್ ಮೇಲೆ 20 ಮಿಲಿವೋಲ್ಟ್ ಬಂದರೆ ಸುಮಾರು 42 ಮಿಲಿಆಂಪಿಯರ್. ಬಯಸ್ ತೀರಾ ಇಳಿದಿದ್ದರೆ ಮೆಲುದನಿಯ ಸಂಗೀತವೇ ಮೊದಲು ಒರಟಾಗುತ್ತದೆ. ಹಳೆಯ ಟ್ರಾನ್ಸಿಸ್ಟರ್ ಆಂಪ್‌ಗಳು "ಒಣಕಲು" ಎಂದು ಹೆಸರು ಕೆಡಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಎಲ್ಲಾ ಕೆಪಾಸಿಟರ್‌ಗಳನ್ನೂ ಕಿತ್ತು ಹೊಸದು ಹಾಕಲೇಬೇಕೆಂಬ ಹಟ ನನಗಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯಸ್ಸನ್ನು ತೀರ್ಮಾನಿಸುವುದು ಮುಖ್ಯವಾಗಿ ಬಿಸಿ. ಹತ್ತು ಡಿಗ್ರಿ ತಣ್ಣಗಿದ್ದರೆ ಆಯಸ್ಸು ಹೆಚ್ಚುಕಡಿಮೆ ಇಮ್ಮಡಿ ಎಂಬುದು ತಯಾರಕರೇ ಬಳಸುವ ಲೆಕ್ಕ. ಹಾಗಾಗಿ ಹೀಟ್‌ಸಿಂಕ್ ಪಕ್ಕದ, ಬಿಸಿ ರೆಸಿಸ್ಟರ್‌ಗಳ ಪಕ್ಕದ ಪುಟ್ಟ ಕೆಪಾಸಿಟರ್‌ಗಳು ಮೊದಲು ಒಣಗುತ್ತವೆ. ತಣ್ಣಗಿನ ಮೂಲೆಯ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು ಇನ್ನೂ ಗಟ್ಟಿಮುಟ್ಟಾಗಿರಬಹುದು. ಅಳೆದು, ಕೆಟ್ಟದ್ದನ್ನು ಬದಲಿಸಿ. ನಾಬ್ ತಿರುಗಿಸಿದಾಗಿನ ಕರಕರ, ಒಂದು ಚಾನೆಲ್ ಬಂದುಹೋಗುವುದು, ಇವೆಲ್ಲ ಬಹುತೇಕ ಸ್ವಿಚ್ ಮತ್ತು ಪಾಟ್‌ಗಳ (ನಾಬ್ ಹಿಂದಿನ ತಿರುಗುವ ರೆಸಿಸ್ಟರ್‌ಗಳ) ಕೊಳೆ. ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಹತ್ತಿಪ್ಪತ್ತು ಸಲ ಆಚೀಚೆ ತಿರುಗಿಸಿದರೆ ಹೋಗುತ್ತದೆ.

ಇಷ್ಟಾಗದೆ ಹೋಲಿಸಿದರೆ ಕೇಳಿಸುವುದು ಆ ಆಂಪ್‌ನ ದನಿಯಲ್ಲ, ಅದರ ಕಾಯಿಲೆ.

3. ವ್ಯಾಟ್ ಲೆಕ್ಕವನ್ನು ಬಿಡಿಸಿ ಓದಿ

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರ್ ವ್ಯಾಟ್‌ಗಳಿಗೆ ಒಂದು ನಿಯಮ ತಂದಿತು. ಅದಕ್ಕೂ ಮುಂಚೆ ಜಾಹೀರಾತಿನಲ್ಲಿ ಮನಸ್ಸಿಗೆ ಬಂದ "ಮ್ಯೂಸಿಕ್ ಪವರ್", "ಪೀಕ್ ಪವರ್" ಬರೆಯುತ್ತಿದ್ದರು. ನಿಯಮದ ನಂತರ ಎರಡೂ ಚಾನೆಲ್ ಒಟ್ಟಿಗೆ ಓಡಿಸಿ, ಎಷ್ಟು ಓಮ್, ಯಾವ ಆವರ್ತನದಿಂದ ಯಾವುದರವರೆಗೆ, ಎಷ್ಟು ವಿರೂಪ (ಡಿಸ್ಟಾರ್ಷನ್) ಎಂಬುದನ್ನೆಲ್ಲ ಹೇಳಲೇಬೇಕಾಯಿತು. ಅಳೆಯುವ ಮುನ್ನ ಮೂರನೇ ಒಂದು ಪವರ್‌ನಲ್ಲಿ ಒಂದು ಗಂಟೆ ಬಿಸಿ ಮಾಡಬೇಕಿತ್ತು. ಎಬಿ ವರ್ಗದ ಆಂಪ್ ಅತಿ ಹೆಚ್ಚು ಬಿಸಿಯಾಗುವುದು ಇಂಥ ನಡುಮಟ್ಟದಲ್ಲೇ. ಆಗಿನ ಆಂಪ್‌ಗಳ ದಪ್ಪ ಹೀಟ್‌ಸಿಂಕ್‌ಗಳ ಹಿಂದೆ ಈ ನಿಯಮದ ಕೈಯೂ ಇದೆ.

ಈಗಿನ ಪುಟ್ಟ ಡಿ ವರ್ಗದ ಆಂಪ್‌ಗಳ ಪೆಟ್ಟಿಗೆ ಮೇಲಿನ ಸಂಖ್ಯೆ ಎಷ್ಟೋ ಸಲ ಚಿಪ್‌ನ ಡೇಟಾಶೀಟಿನದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಚಿಪ್‌ಗೆ 50 ವ್ಯಾಟ್ ಎಂದಿದೆ. ಅದು 4 ಓಮ್‌ಗೆ, 21 ವೋಲ್ಟ್ ಸಪ್ಲೈಯಲ್ಲಿ, 10 ಪ್ರತಿಶತ ವಿರೂಪದಲ್ಲಿ. ಹತ್ತು ಪ್ರತಿಶತ ಎಂದರೆ ಹಾಡು ಆಗಲೇ ಒಡೆದಿರುತ್ತದೆ. ನೀವೇ ಲೆಕ್ಕ ಹಾಕಬಹುದು: ಸ್ಪೀಕರಿನ ಎರಡೂ ತಂತಿಗಳನ್ನು ಓಡಿಸುವ ಇಂಥ ಬ್ರಿಡ್ಜ್ ಆಂಪ್‌ನ ಗರಿಷ್ಠ ಔಟ್‌ಪುಟ್ ವೋಲ್ಟೇಜ್ ಸುಮಾರಾಗಿ ಅಡಾಪ್ಟರಿನ ವೋಲ್ಟೇಜೇ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿ. 24 ವೋಲ್ಟ್, 8 ಓಮ್ ಆದರೆ 576 ಭಾಗಿಸು 16, ಅಂದರೆ 36 ವ್ಯಾಟ್. ಒಡೆಯದ ಹಾಡಿಗೆ ಅದಕ್ಕಿಂತ ಒಂದು ವ್ಯಾಟೂ ಹೆಚ್ಚು ಬಾರದು, ಪೆಟ್ಟಿಗೆ ಮೇಲೆ ಏನೇ ಬರೆದಿರಲಿ.

ಹಾಗೆಂದು ಗಾಬರಿಯಾಗಬೇಕಿಲ್ಲ. ಪವರ್ ಇಮ್ಮಡಿಯಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ "ಎರಡು ಪಟ್ಟು ಜೋರು" ಎನಿಸಲು ಸುಮಾರು ಹತ್ತು ಪಟ್ಟು ಪವರ್ ಬೇಕು. ಸಾಧಾರಣ ಕೋಣೆಯಲ್ಲಿ ನಾವು ಕೇಳುವ ಹೊತ್ತಿನಲ್ಲಿ ಹೆಚ್ಚಿನ ಸಮಯ ಒಂದೆರಡು ವ್ಯಾಟೂ ಖರ್ಚಾಗುವುದಿಲ್ಲ.

4. ಸದ್ದಿನ ಮಟ್ಟ ಸಮ ಮಾಡಿ

ಇಡೀ ಪರೀಕ್ಷೆಯ ಜೀವ ಇರುವುದು ಈ ಹೆಜ್ಜೆಯಲ್ಲಿ. ಅರ್ಧ ಡೆಸಿಬಲ್ ಜೋರಿದ್ದದ್ದು ಕಿವಿಗೆ ಜೋರು ಎನಿಸುವುದಿಲ್ಲ, "ಹೆಚ್ಚು ತುಂಬಿದೆ", "ಹೆಚ್ಚು ಸ್ಪಷ್ಟ" ಎನಿಸುತ್ತದೆ. ಮೋಸ ಆಗುವುದೇ ಇಲ್ಲಿ.

ಹಳೆಯ ಆಂಪ್‌ಗಳಿಗೆ ಇಲ್ಲೊಂದು ಅನ್ಯಾಯದ ಲಾಭವಿದೆ. ಆಗಿನ ಟೇಪ್ ಡೆಕ್, ಟ್ಯೂನರುಗಳಿಗೆಂದು ಆಕ್ಸ್ ಇನ್‌ಪುಟ್ ಸಾಮಾನ್ಯವಾಗಿ 150 ಮಿಲಿವೋಲ್ಟಿಗೇ ಪೂರ್ಣ ಪವರ್ ಕೊಡುವಂತೆ ಇರುತ್ತಿತ್ತು. ಈಗಿನ ಡ್ಯಾಕ್, ಸಿಡಿ ಪ್ಲೇಯರುಗಳು ಕೊಡುವುದು 2 ವೋಲ್ಟ್. ಹಾಗಾಗಿ ನಾಬ್ ಒಂಬತ್ತು ಗಂಟೆಗೆ ಬರುವಷ್ಟರಲ್ಲೇ ಮನೆ ನಡುಗುತ್ತದೆ, "ನೋಡಿ, ಕಾಲುಭಾಗಕ್ಕೇ ಎಷ್ಟು ತಾಕತ್ತು!" ಎಂದು ಹುಬ್ಬೇರಿಸುತ್ತೇವೆ. ಅದು ತಾಕತ್ತಲ್ಲ, ಗೇನ್, ಅಂದರೆ ಒಳಬಂದ ಸಿಗ್ನಲ್ಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು. ಜೊತೆಗೆ ನಾಬ್ ಅಷ್ಟು ಕೆಳಗಿದ್ದಾಗ ಹಳೇ ಪಾಟ್‌ನ ಎಡ-ಬಲ ಸಮನಾಗಿರುವುದಿಲ್ಲ. ಆದ್ದರಿಂದ ಡ್ಯಾಕ್‌ನಲ್ಲೇ ಮಟ್ಟ ಇಳಿಸಿ, ಆಂಪ್‌ನ ನಾಬನ್ನು ಹತ್ತು-ಹನ್ನೊಂದು ಗಂಟೆಗೆ ತನ್ನಿ.

ಈಗ 400 ಹರ್ಟ್ಸ್‌ನ ಸೈನ್ ಟೋನ್ ಹಾಕಿ. ಅಗ್ಗದ ಮಲ್ಟಿಮೀಟರ್‌ಗಳು ಎಸಿಯನ್ನು ಇದಕ್ಕಿಂತ ಮೇಲಿನ ಆವರ್ತನದಲ್ಲಿ ಸರಿಯಾಗಿ ಓದುವುದಿಲ್ಲ, ಅದಕ್ಕೇ 1,000 ಹರ್ಟ್ಸ್ ಬೇಡ. ಸ್ಪೀಕರ್ ಜೋಡಿಸಿದಂತೆಯೇ ಇರಲಿ. ಮೊದಲ ಆಂಪ್‌ನಲ್ಲಿ ಎಡಗಡೆ ಟರ್ಮಿನಲ್ ಮೇಲೆ 1.00 ವೋಲ್ಟ್ ಎಸಿ ಬರುವಂತೆ ವಾಲ್ಯೂಮ್ ಇಡಿ, ಬಲಗಡೆಯನ್ನು ಬ್ಯಾಲೆನ್ಸ್ ನಾಬ್‌ನಿಂದ ಅಷ್ಟಕ್ಕೇ ತನ್ನಿ. ಎರಡನೆಯ ಆಂಪ್‌ನಲ್ಲೂ ಇದನ್ನೇ ಮಾಡಿ. 1.00ಕ್ಕೂ 1.01ಕ್ಕೂ ಇರುವ ಅಂತರ ಡೆಸಿಬಲ್‌ನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಅಷ್ಟು ಸಾಕು. ನಾಬ್‌ಗಳ ಮೇಲೆ ಪೇಪರ್ ಟೇಪ್ ಅಂಟಿಸಿ ಗೆರೆ ಎಳೆದುಬಿಡಿ, ಇನ್ನು ಮುಟ್ಟಬಾರದು.

ಆಂಪ್ ಬದಲಿಸಲು ಸ್ವಿಚ್ ಪೆಟ್ಟಿಗೆ ಬಳಸುವವರು ಇದನ್ನು ತಪ್ಪದೆ ಓದಿ. ಡಿ ವರ್ಗದ ಹಲವು ಆಂಪ್‌ಗಳಲ್ಲಿ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ, ಅಲ್ಲೂ ಸಿಗ್ನಲ್ ಇರುತ್ತದೆ. ಎಡ-ಬಲದ ಕಪ್ಪು ತಂತಿಗಳನ್ನು ಒಟ್ಟುಗೂಡಿಸುವ ಪೆಟ್ಟಿಗೆ ಹಾಕಿದರೆ ಆಂಪ್ ಸುಡಬಹುದು. ಕೆಂಪು, ಕಪ್ಪು ಎರಡನ್ನೂ ಕಡಿದು ಜೋಡಿಸುವ ಸ್ವಿಚ್ಚೇ ಬೇಕು. ಎರಡು ಆಂಪ್‌ಗಳ ಔಟ್‌ಪುಟ್ ಒಂದು ಕ್ಷಣಕ್ಕೂ ಒಂದನ್ನೊಂದು ಮುಟ್ಟಬಾರದು. ವಾಲ್ವ್ ಆಂಪ್ ಇದ್ದರೆ ಸ್ವಿಚ್ಚಿನ ಗೊಡವೆಯೇ ಬೇಡ, ಆಫ್ ಮಾಡಿ ಸ್ಪೀಕರ್ ತಂತಿಯ ಬನಾನಾ ಪ್ಲಗ್ ಬದಲಿಸಿ.

5. ಬಟನ್‌ಗಳನ್ನೆಲ್ಲ ತಟಸ್ಥ ಮಾಡಿ

ಲೌಡ್‌ನೆಸ್ ಆಫ್. ಅದು ಕಡಿಮೆ ವಾಲ್ಯೂಮ್‌ನಲ್ಲಿ ಬಾಸನ್ನು, ಎಷ್ಟೋ ಆಂಪ್‌ಗಳಲ್ಲಿ ಟ್ರೆಬಲ್ಲನ್ನೂ ಎತ್ತಿಕೊಡುವ ಬಟನ್. "ಹಳೆಯ ಆಂಪ್‌ನ ಬೆಚ್ಚನೆಯ ದನಿ" ಎಂದು ಹೊಗಳಿಸಿಕೊಂಡದ್ದರಲ್ಲಿ ಇದರ ಪಾಲು ಸಣ್ಣದಲ್ಲ. ಟೋನ್ ಡಿಫೀಟ್ ಇದ್ದರೆ ಒತ್ತಿ, ಇಲ್ಲದಿದ್ದರೆ ಬಾಸ್, ಟ್ರೆಬಲ್ ನಡುವಿಗೆ. ಹೈ ಫಿಲ್ಟರ್, ಲೋ ಫಿಲ್ಟರ್ ಆಫ್. ಹೊಸದರಲ್ಲಿ ರೂಮ್ ಕರೆಕ್ಷನ್, ಬಾಸ್ ಬೂಸ್ಟ್, "ಪ್ಯೂರ್" ಮೋಡ್ ಏನೇನಿದೆಯೋ ಆ್ಯಪ್ ತೆರೆದು ನೋಡಿ. ಎರಡಕ್ಕೂ ಒಂದೇ ಬಗೆಯ ಲೈನ್ ಇನ್‌ಪುಟ್ ಬಳಸಿ. ಬ್ಲೂಟೂತ್‌ನಲ್ಲಿ ಒಂದು, ಕೇಬಲ್‌ನಲ್ಲಿ ಇನ್ನೊಂದು ಬೇಡ.

ನಂತರ ಬೇಕಾದರೆ ಲೌಡ್‌ನೆಸ್ ಹಾಕಿಕೊಂಡು ಸುಖವಾಗಿ ಕೇಳಿ. ರಾತ್ರಿ ಮೆಲ್ಲಗೆ ಕೇಳುವಾಗ ಅಷ್ಟು ಒಳ್ಳೆಯ ಸೌಲಭ್ಯವನ್ನು ಎಷ್ಟೋ ಹೊಸ ಆಂಪ್‌ಗಳು ಯಾಕೆ ಕೈಬಿಟ್ಟವೋ.

6. ಕಣ್ಣು ಕಟ್ಟಿ ಕೇಳಿ

ಮೊದಲು ಹಾಡಿಲ್ಲದೆ, ಗುರುತು ಹಾಕಿದ ವಾಲ್ಯೂಮ್‌ನಲ್ಲೇ, ಕಿವಿಯನ್ನು ಟ್ವೀಟರ್ ಹತ್ತಿರ ಇಡಿ. ಸುಸ್ಸೆನ್ನುವುದು ಯಾವುದು, ಗುಂಯ್‌ಗುಡುವುದು ಯಾವುದು? ಒಳ್ಳೆಯ ಹೊಸ ಆಂಪ್‌ಗಳು ಗೆಲ್ಲುವುದು ಹೆಚ್ಚಾಗಿ ಇಲ್ಲೇ, ಅದೂ ಸುಲಭವಾಗಿ.

ಆಮೇಲೆ ಗೆಳೆಯ ನಾಣ್ಯ ಚಿಮ್ಮಿ ಎ ಅಥವಾ ಬಿ ಹಾಕಲಿ, ನೀವು ಬೆನ್ನು ತಿರುಗಿಸಿ ಹೇಳಿ. ತುಣುಕು ಚಿಕ್ಕದಿರಲಿ, ಬದಲಾವಣೆ ಬೇಗ ಆಗಲಿ, ಏಕೆಂದರೆ ದನಿಯ ಸೂಕ್ಷ್ಮ ನೆನಪು ಕೆಲವು ಸೆಕೆಂಡಿಗೇ ಮಾಸುತ್ತದೆ. ರಿಲೇ ಟಿಕ್ ಎನ್ನುವುದರಿಂದ ಯಾವುದೆಂದು ಗೊತ್ತಾಗದಂತೆ ನೋಡಿಕೊಳ್ಳಿ. 16 ಸಲದಲ್ಲಿ 12 ಸರಿಯಾದರೆ ಅದು ಬರೀ ಅದೃಷ್ಟದಿಂದ ಆಗುವ ಸಂಭವ 4 ಪ್ರತಿಶತಕ್ಕಿಂತ ಕಡಿಮೆ, ಅಂದರೆ ನಿಮಗೆ ನಿಜಕ್ಕೂ ಏನೋ ಕೇಳಿಸುತ್ತಿದೆ. ಎಂಟೋ ಒಂಬತ್ತೋ ಬಂದರೆ ಊಹೆ.

ಸುಸ್ಥಿತಿಯಲ್ಲಿರುವ ಎಪ್ಪತ್ತರ ದಶಕದ ಟ್ರಾನ್ಸಿಸ್ಟರ್ ಆಂಪ್ ಮತ್ತು ಒಳ್ಳೆಯ ಹೊಸ ಆಂಪ್, ಎರಡೂ ತಮ್ಮ ಮಿತಿಯೊಳಗೆ ಇದ್ದಾಗ, ಹೆಚ್ಚಿನವರಿಗೆ ಎಂಟೋ ಒಂಬತ್ತೋ ಬರುತ್ತದೆ ಎಂಬುದು ನನ್ನ ಎಣಿಕೆ. ಮುಖ ಸಪ್ಪೆಯಾಗುವುದು ಸಹಜ.

ವ್ಯತ್ಯಾಸ ಖಚಿತವಾಗಿ ಕೇಳಿಸಿದರೆ ಔಟ್‌ಪುಟ್ ಇಂಪೀಡೆನ್ಸ್ (ಆಂಪ್ ತನ್ನೊಳಗೇ ಒಡ್ಡುವ ತಡೆ) ಮೇಲೆ ಮೊದಲ ಅನುಮಾನ ಇಡಿ. ಸ್ಪೀಕರಿನ ಮೇಲೆ 8 ಓಮ್ ಎಂದು ಬರೆದಿದ್ದರೂ ಅದು ಒಂದು ಆವರ್ತನದಲ್ಲಿ 4 ಓಮ್, ಇನ್ನೊಂದರಲ್ಲಿ 30 ಓಮ್ ಆಗಿರಬಹುದು. ಟ್ರಾನ್ಸಿಸ್ಟರ್ ಆಂಪ್‌ಗೆ ಇದರಿಂದ ಹೆಚ್ಚು ಬಾಧೆಯಿಲ್ಲ. ವಾಲ್ವ್ ಆಂಪ್‌ನ ಒಳಗೇ ಅರ್ಧ, ಒಂದು ಓಮ್ ಇರುವುದರಿಂದ ಇಂಪೀಡೆನ್ಸ್ ಏರಿದ ಕಡೆ ಸದ್ದೂ ತುಸು ಏರುತ್ತದೆ, ಸ್ಪೀಕರಿನ ಗುಣವೇ ಬದಲಾದಂತೆ ಕೇಳಿಸುತ್ತದೆ. ವಿಚಿತ್ರವೆಂದರೆ ಅಗ್ಗದ ಡಿ ವರ್ಗದ ಆಂಪ್‌ಗಳಿಗೂ ಇದೇ ರೋಗ, ಆದರೆ ಟ್ರೆಬಲ್ ಕಡೆ. ಕೊನೆಯ ಕಾಯಿಲ್ ಫೀಡ್‌ಬ್ಯಾಕ್ (ಔಟ್‌ಪುಟ್ಟನ್ನು ಇನ್‌ಪುಟ್ಟಿಗೆ ಹೋಲಿಸಿ ತಪ್ಪು ತಿದ್ದುವ ಏರ್ಪಾಡು) ವ್ಯಾಪ್ತಿಯ ಹೊರಗೆ ಉಳಿದರೆ, ಸ್ಪೀಕರಿಗೆ ತಕ್ಕಂತೆ ಮೇಲಿನ ಆವರ್ತನ ಏರುತ್ತದೆ ಇಲ್ಲವೇ ಇಳಿಯುತ್ತದೆ. ಹೈಪೆಕ್ಸ್‌ನಂಥವರು ಫೀಡ್‌ಬ್ಯಾಕನ್ನು ಕಾಯಿಲ್‌ನ ಆಚೆಯಿಂದ ತೆಗೆದುಕೊಂಡು ಇದನ್ನು ಬಗೆಹರಿಸಿದರು.

ವಾಲ್ವ್ ದನಿ ಮಾಯೆಯಲ್ಲ ಎಂದು 1985ರಲ್ಲಿ ಅಮೆರಿಕದ ಆಂಪ್ ತಯಾರಕ ಬಾಬ್ ಕಾರ್ವರ್ ತೋರಿಸಿದ್ದ. ಸ್ಟೀರಿಯೋಫೈಲ್ ಪತ್ರಿಕೆಯವರು ಆರಿಸಿದ ಒಂದು ದುಬಾರಿ ವಾಲ್ವ್ ಆಂಪ್‌ನ ಔಟ್‌ಪುಟ್ಟಿನಿಂದ ತನ್ನ ಟ್ರಾನ್ಸಿಸ್ಟರ್ ಆಂಪ್‌ನ ಔಟ್‌ಪುಟ್ಟನ್ನು ಕಳೆಯುತ್ತಾ, ಉಳಿದ ಚೂರು ಸುಮಾರು 70 ಡೆಸಿಬಲ್ ಕೆಳಗೆ ಇಳಿಯುವವರೆಗೆ ತನ್ನದನ್ನು ತಿದ್ದಿದ. ಕೇಳಿದವರಿಗೆ ಎರಡೂ ಒಂದೇ ಎನಿಸಿತು.

ಇನ್ನೊಂದು ವ್ಯತ್ಯಾಸ ಮಿತಿ ಮೀರಿದಾಗ ಕಾಣುವುದು. ವಾಲ್ವ್ ಆಂಪ್‌ನ ದನಿ ಹದವಾಗಿ ಒಡೆಯುತ್ತದೆ, ಟ್ರಾನ್ಸಿಸ್ಟರ್ ಆಂಪ್‌ನದು ಥಟ್ಟನೆ. ನಿಮ್ಮ ಸ್ಪೀಕರ್ 4 ಓಮ್‌ಗಿಂತ ಕೆಳಗಿಳಿಯುವಂಥದ್ದಾದರೆ, ಜೋರಾಗಿಯೂ ಕೇಳುವವರಾದರೆ, ಇಲ್ಲಿ ತೂಕದ ಪವರ್ ಸಪ್ಲೈ ಇರುವ ಆಂಪ್ ಗೆಲ್ಲುತ್ತದೆ. ಅದು ಹಳೆಯದೋ ಹೊಸದೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

7. ದನಿಯಾಚೆಗಿನ ಖರ್ಚು

ಬಿ ವರ್ಗದ ದಕ್ಷತೆ ಸಿದ್ಧಾಂತದ ಲೆಕ್ಕದಲ್ಲೇ 78.5 ಪ್ರತಿಶತ ದಾಟದು, ಎಬಿ ಅದಕ್ಕಿಂತ ಕಡಿಮೆ. ಡಿ ವರ್ಗ 90ರ ಸುತ್ತ ಓಡಾಡುತ್ತದೆ. ದಿನವಿಡೀ ಹಾಡು ಹಾಕಿಡುವ ಮನೆಗೆ ಈ ಅಂತರ ಬಿಲ್ಲಿನಲ್ಲಿ ಕಾಣಬಹುದು, ಸಂಜೆ ಒಂದು ಗಂಟೆ ಕೇಳುವವರಿಗೆ ಗೌಣ.

ರಿಪೇರಿಯ ವಿಷಯ ಹಾಗಲ್ಲ. ಹಳೆಯದರಲ್ಲಿ ಪ್ರತಿ ಬಿಡಿಭಾಗವೂ ಕೈಗೆ ಸಿಗುವಷ್ಟು ದೊಡ್ಡದು, ಮ್ಯಾನುವಲ್‌ನಲ್ಲಿ ಮಂಡಲ ಪೂರ್ತಿ ಬರೆದಿರುತ್ತದೆ. ತೊಂದರೆ ಇರುವುದು ಭಾಗಗಳಲ್ಲಿ. ಆಗಿನ ಔಟ್‌ಪುಟ್ ಟ್ರಾನ್ಸಿಸ್ಟರುಗಳ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು, ಮಾರುಕಟ್ಟೆಯಲ್ಲಿ ನಕಲಿಗಳ ಹಾವಳಿ. ಎಸ್‌ಟಿಕೆ ಹೆಸರಿನ ಹೈಬ್ರಿಡ್ ಮಾಡ್ಯೂಲ್ ಇರುವ ಆಂಪ್‌ಗಳಲ್ಲಿ ಅದು ಸುಟ್ಟರೆ ಅಸಲಿ ಹುಡುಕುವುದೇ ದೊಡ್ಡ ಪಾಡು, ಅಂಥದ್ದನ್ನು ನಾನಾದರೆ ಕೊಳ್ಳುವುದಿಲ್ಲ. ಹೊಸ ಆಂಪ್ ಕೆಟ್ಟರೆ ಬೋರ್ಡನ್ನೇ ಬದಲಿಸಬೇಕು, ಬೋರ್ಡ್ ಸಿಗದಿದ್ದರೆ ಕಥೆ ಮುಗಿಯಿತು. ಆ್ಯಪ್ ಮೂಲಕವೇ ನಡೆಯುವ ಆಂಪ್‌ಗಳಲ್ಲಿ ಕಂಪನಿ ಅಪ್‌ಡೇಟ್ ನಿಲ್ಲಿಸಿದ ದಿನ ಅರ್ಧ ಸೌಲಭ್ಯ ಮಾಯ.

ಹಳೆಯದನ್ನು ಕೊಳ್ಳುವಾಗ ಸರ್ವಿಸ್ ಖರ್ಚನ್ನೂ ಸೇರಿಸಿಯೇ ಬೆಲೆ ಕಟ್ಟಿ, ಇಲ್ಲದಿದ್ದರೆ ಮೂಗಿಗಿಂತ ಮೂಗುತಿ ಭಾರವಾದೀತು.

8. ಯಾರಿಗೆ ಯಾವುದು

ಟಿವಿ, ಫೋನ್, ಸಬ್‌ವೂಫರ್ ಎಲ್ಲವೂ ಒಂದೇ ಪೆಟ್ಟಿಗೆಗೆ ಬರಬೇಕು, ರಿಮೋಟ್ ಬೇಕು, ಜಾಗ ಕಡಿಮೆ ಎಂದರೆ ಯೋಚಿಸದೆ ಹೊಸದು. ಮನೆಯಲ್ಲಿ ಹಿರಿಯರ ಕಾಲದ ಒಳ್ಳೆಯ ಆಂಪ್ ಆಗಲೇ ಇದ್ದು, ಎರಡನೇ ಹೆಜ್ಜೆಯ ಪರೀಕ್ಷೆಯಲ್ಲಿ ಪಾಸಾದರೆ ಅದನ್ನು ಬಿಟ್ಟು ಹೊಸದು ಕೊಳ್ಳಲು ಕಾರಣವೇ ಇಲ್ಲ. ಗ್ರಾಮಫೋನ್ ತಟ್ಟೆ ಕೇಳುವವರಿಗೆ ಹಳೆಯದರ ಫೋನೋ ಇನ್‌ಪುಟ್ ಒಂದು ಉಪಕಾರ, ಹೊಸದರಲ್ಲಿ ಎಷ್ಟೋ ಸಲ ಅದಕ್ಕೆ ಬೇರೆ ಡಬ್ಬ ಕೊಳ್ಳಬೇಕು. ಮೀಟರ್‌ನ ನೀಲಿ ಬೆಳಕು, ಅಲ್ಯುಮಿನಿಯಂ ನಾಬ್‌ನ ಭಾರಕ್ಕೆ ಮನಸೋತು ಕೊಳ್ಳುವುದೂ ತಪ್ಪಲ್ಲ, "ದನಿಗಾಗಿ ಕೊಂಡೆ" ಎಂದು ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ಎರಡನ್ನೂ ಕೂಡಿಸುವ ದಾರಿಯೂ ಇದೆ. ಹಳೆಯ ಆಂಪ್‌ನ ಹಿಂಬದಿಯಲ್ಲಿ ಪ್ರಿ-ಔಟ್, ಮೇನ್-ಇನ್ ಎಂಬ ಸಾಕೆಟ್‌ಗಳ ನಡುವೆ ಲೋಹದ ಕೊಂಡಿ ಇದ್ದರೆ ಅದನ್ನು ತೆಗೆದು, ಪ್ರಿ-ಔಟ್‌ನಿಂದ ಹೊಸ ಪವರ್ ಆಂಪ್‌ಗೆ ಕೇಬಲ್ ಎಳೆಯಿರಿ. ಫೋನೋ, ಟೋನ್, ಲೌಡ್‌ನೆಸ್ ಹಳೆಯದರದ್ದು, ಸ್ಪೀಕರ್ ಓಡಿಸುವ ಕೆಲಸ ಹೊಸದರದ್ದು. ಕೊಂಡಿ ಇಲ್ಲದ ಮಾಡೆಲ್ ಆದರೆ ಈ ದಾರಿ ಸಿಗದು. ಆದರೆ ಟೇಪ್ ಮಾನಿಟರ್ ಇನ್‌ಪುಟ್‌ಗೆ ಒಂದು ಬ್ಲೂಟೂತ್ ರಿಸೀವರ್ ಸಿಕ್ಕಿಸಬಹುದು. ಬ್ಲೂಟೂತ್ ಹಾಡು ಕೇಳುವಾಗ ಟೇಪ್ ಮಾನಿಟರ್ ಬಟನ್ ಒತ್ತಿರಬೇಕು, ತಟ್ಟೆಗೋ ರೇಡಿಯೋಗೋ ಮರಳುವಾಗ ಬಿಡಿಸಬೇಕು. ಬಿಡಿಸಲು ಮರೆತು "ಆಂಪ್ ಸತ್ತಿದೆ, ಸದ್ದೇ ಇಲ್ಲ" ಎಂದು ರಿಪೇರಿಗೆ ಹೊತ್ತು ತರುವವರು ಬಹಳ ಮಂದಿ, ಆದ್ದರಿಂದ ಮುಚ್ಚಳ ಬಿಚ್ಚುವ ಮುಂಚೆ ಆ ಬಟನ್ ಒಮ್ಮೆ ನೋಡಿಬಿಡಿ.